ತೊಂಬತ್ತು ದಿನಗಳ ಕಾರಣ

ಮೂರನೆಯ ಪ್ರತಿಯ ಕೊನೆಯ ಪುಟಕ್ಕೆ ಸಂಖ್ಯೆ ಹಾಕಿ ಕುಮುದಿನಿ ದಬ್ಬಣಕ್ಕೆ ಬಿಳಿ ದಾರ ಪೋಣಿಸಿದಳು. ಕಾಗದಗಳ ಅಂಚನ್ನು ಮೇಜಿನ ಮೇಲೆ ಎರಡು ಸಲ ಕುಟ್ಟಿ ಸಮ ಮಾಡಿದಳು. ಹೊಲಿಯುವ ಮುನ್ನ ಒಮ್ಮೆ ಎಲ್ಲ ಪುಟ ತಿರುವಿ ನೋಡುವುದು ಅವಳ ರೂಢಿ. ಹದಿನೆಂಟನೆಯ ಪುಟಕ್ಕೆ ಬಂದಾಗ ಕೈ ನಿಂತಿತು.

‘ಈ ದೂರನ್ನು ಸಲ್ಲಿಸುವಲ್ಲಿ ಆದ ತೊಂಬತ್ತು ದಿನಗಳ ವಿಳಂಬಕ್ಕೆ ಕಾರಣವೇನೆಂದರೆ’ ಎಂದು ಬರೆದಿತ್ತು. ಅದರ ಮುಂದೆ ಬರೀ ಚುಕ್ಕಿಗಳು. ಬೆಳಿಗ್ಗೆ ಅವಳೇ ಟೈಪು ಮಾಡಿದ ಚುಕ್ಕಿಗಳು ಅವು. ಆದರೂ ಈಗ ಬೇರೆ ಯಾರೋ ತನಗಾಗಿ ಬಿಟ್ಟುಹೋದ ಜಾಗದಂತೆ ಕಂಡವು.

ಗುರುಪಾದಪ್ಪ ವಕೀಲರ ಆಫೀಸೆಂದರೆ ಬೆಳಗಾವಿಯ ಮಹಾಂತೇಶ ನಗರದ ಅವರ ಮನೆಯ ಮುಂದಿನ ಕೋಣೆ. ಹತ್ತೊಂಬತ್ತು ವರ್ಷಗಳಿಂದ ಕುಮುದಿನಿ ಅಲ್ಲಿ ಗುಮಾಸ್ತೆ. ಟೈಪು, ಫೈಲು, ಕಕ್ಷಿದಾರರಿಗೆ ಫೋನು, ಎಲ್ಲಕ್ಕಿಂತ ಹೆಚ್ಚಾಗಿ ಡೈರಿ. ಯಾವ ಕೇಸು ಎಂದು, ಯಾವ ಕೋರ್ಟಿನಲ್ಲಿ, ಯಾವುದನ್ನು ಎಷ್ಟರೊಳಗೆ ದಾಖಲು ಮಾಡಬೇಕು ಎಂಬುದೆಲ್ಲ ಅವಳ ದುಂಡು ಅಕ್ಷರದಲ್ಲಿ ಅಲ್ಲಿರುತ್ತಿತ್ತು.

ಈ ಫೈಲು ಖಾನಾಪುರದ ಚಂದ್ರವ್ವನದು. ಚಂದ್ರವ್ವ ಅಲ್ಲಿ ಒಂದು ಸಣ್ಣ ಖಾನಾವಳಿ ನಡೆಸುತ್ತಾಳೆ. ಠೇವಣಿ ಇಡಲು ಹೋದಾಗ ಬ್ಯಾಂಕಿನವರು ಬೇಡವೆಂದರೂ ಕೈಗೆ ಒಂದು ಕ್ರೆಡಿಟ್ ಕಾರ್ಡು ಕೊಟ್ಟಿದ್ದರು. ಎರಡು ವರ್ಷದ ಹಿಂದೆ, ಜನವರಿ ಇಪ್ಪತ್ತೆರಡು, ಸಂತೆಯ ರವಿವಾರ, ಅವಳು ರೊಟ್ಟಿ ಬಡಿಯುತ್ತಿದ್ದ ಮಧ್ಯಾಹ್ನದಲ್ಲಿ ಯಾರೋ ಆ ಕಾರ್ಡಿನ ಮೇಲೆ ದಿಲ್ಲಿಯ ಕಡೆಯ ಅಂಗಡಿಯೊಂದರಲ್ಲಿ ಮೂರು ಸಲ ಖರೀದಿ ಮಾಡಿದ್ದರು. ಒಟ್ಟು ಒಂದು ಲಕ್ಷ ಮೂವತ್ತೇಳು ಸಾವಿರ. ಸೋಮವಾರ ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತಿಗೆ ಚಂದ್ರವ್ವ ಹೊಸ್ತಿಲಲ್ಲಿದ್ದಳು. ಮೊಮ್ಮಗಳು ಐಶ್ವರ್ಯಾ ಅರ್ಜಿ ಬರೆದುಕೊಟ್ಟಿದ್ದಳು. ಬ್ಯಾಂಕಿನವರು ಅರ್ಜಿ ಮುಟ್ಟಿತೆಂದು ಅದರ ಪ್ರತಿಗೆ ತಾರೀಖಿನ ಶಿಕ್ಕಾ ಹೊಡೆದು ಕೊಟ್ಟರು. ಮಾರ್ಚ್ ಹತ್ತಕ್ಕೆ ಉತ್ತರ ಬಂತು: ಖರೀದಿಯ ಗುಟ್ಟಿನ ಸಂಖ್ಯೆ, ಓಟಿಪಿ, ನಿಮ್ಮ ಫೋನಿಗೇ ಬಂದಿದೆ, ಜವಾಬ್ದಾರಿ ನಿಮ್ಮದೇ. ಹಣವನ್ನು ಠೇವಣಿಯಲ್ಲಿ ಮುರಿದುಕೊಂಡರು. ಐಶ್ವರ್ಯಾಳ ನರ್ಸಿಂಗ್ ಕಾಲೇಜಿಗೆಂದು ಇಟ್ಟ ಠೇವಣಿ ಅದು.

ಗ್ರಾಹಕರ ಆಯೋಗಕ್ಕೆ ಹೋಗಲು ಕಾನೂನು ಕೊಡುವುದು ಎರಡು ವರ್ಷ. ಅದು ದಾಟಿ ತೊಂಬತ್ತು ದಿನವಾಗುವ ಮಂಗಳವಾರ ಈ ಫೈಲು ಸಲ್ಲಬೇಕು. ತಡವಾದದ್ದಕ್ಕೆ ಒಪ್ಪುವಂಥ ಕಾರಣ ಕೊಟ್ಟರೆ ಆಯೋಗ ಕ್ಷಮಿಸಬಹುದು. ಕೊಡದಿದ್ದರೆ ಒಳಗಿನ ಹದಿನೇಳು ಪುಟಗಳನ್ನು ಯಾರೂ ಓದುವುದಿಲ್ಲ.

“ಕುಮುದಿನಿ, ಚಂದ್ರವ್ವಂದು ಆತೇನವಾ?” ವಕೀಲರು ಚಹಾದ ಕಪ್ಪು ಹಿಡಿದು ಒಳಗಿನಿಂದ ಬಂದರು.

“ಒಂದ ಸಾಲು ಉಳದೈತ್ರಿ ಸಾಹೇಬ್ರ.”

“ಅದನ್ನ ಆಕೀನ ಹೇಳಬೇಕು. ನಾಳೆ ರವಿವಾರ. ನಿಮ್ಮ ಪೀರನವಾಡಿ ಖಾನಾಪುರ ರೋಡಿಗೇ ಐತಿ, ಒಂದೀಟು ಹೋಗಿ ಕೇಳ್ಕೊಂಡ ಬಾ. ಆ ಶಿಕ್ಕಾದ ಕಾಗದ ತರಾಕ ಇಷ್ಟ ದಿನಾ ಯಾಕ ಹಿಡೀತು ಅಂತ. ಜಡ್ಡ ಬಿದ್ದಿದ್ಲೇನು, ಮನ್ಯಾಗ ಯಾರರ ತೀರಿದ್ರೇನು. ಇದ್ದದ್ದ ಬರಿ. ಇಲ್ಲದ್ದ ಬರೀಬ್ಯಾಡ.”

“ಹೂಂ ರೀ.”

“ತೊಂಬತ್ತೂ ದಿನಕ್ಕ ಹೇಳಬೇಕು ಮತ್ತ. ಮೊದಲಿನ ಇಪ್ಪತ್ತ ದಿನಕ್ಕ ಕಾರಣ ಕೊಟ್ಟು ಉಳದದ್ದಕ್ಕ ಸುಮ್ನಿದ್ರ ನಡ್ಯಂಗಿಲ್ಲ. ಒಂದೊಂದ ದಿನಾನೂ ಕೇಳ್ತಾರ.” ವಕೀಲರು ಚಹಾ ಗುಟುಕರಿಸಿ ಫೈಲಿನತ್ತ ನೋಡಿದರು. “ಮಾರ್ಚ್ ಹತ್ತರೊಳಗರ ತಂದಿದ್ರ ಆಗ್ತಿತ್ತು. ಬ್ಯಾಂಕಿನವರು ಇಲ್ಲಾ ಅಂದ ದಿನದಿಂದ ಎರಡ ವರ್ಷದ ಮುದ್ದತ್ತು ಎಣಸ್ರಿ ಅಂತ ನಾ ಗಟ್ಟಿಯಾಗಿ ವಾದಾ ಮಾಡ್ತಿದ್ದೆ. ಈಗ ಅದೂ ದಾಟೇತಿ.”

ಕುಮುದಿನಿಯ ಬೆರಳಿಗೆ ದಬ್ಬಣ ಚುಚ್ಚಿತು. ರಕ್ತ ಬರಲಿಲ್ಲ. ಮಾರ್ಚ್ ಹತ್ತರಿಂದಲೂ ಎಣಿಸಬಹುದೆಂದು ಅವಳು ಕೇಳಿದ್ದು ಇದೇ ಮೊದಲು.

ಎದುರಿನ ಮೇಜಿನಲ್ಲಿದ್ದ ಜೂನಿಯರ್ ವಕೀಲೆ ಶರ್ವರಿ ತಲೆ ಎತ್ತಿದಳು. “ಅಕ್ಕಾ, ಅದಕ ಹೇಳ್ತೀನಿ, ತಾರೀಖೆಲ್ಲಾ ಫೋನಿನ್ಯಾಗ ಹಾಕೂಣು ಅಂತ. ಹದಿನೈದ ದಿನಾ ಮೊದಲ ಗಂಟಿ ಬಾರಸ್ತೈತಿ. ನಿಮ್ಮ ಡೈರಿಗೆ ಬಾಯಿ ಐತೇನು?”

“ಕುಮುದಿನಿ ಡೈರ್ಯಾಗ ಇರಲಾರದ ತಾರೀಖು ಪಂಚಾಂಗದಾಗೂ ಇರಂಗಿಲ್ಲ,” ಎಂದರು ವಕೀಲರು. “ಎರಡ ಸಲ ಫೋನ್ ಮಾಡಿ ಕಾಗದಾ ತರ್ರಿ ಅಂತ ಆಕಿಗೆ ನೆಪ್ಪು ಮಾಡ್ಯಾಳಕಿ. ತರೂವಾಕಿ ತರ್ಲಿಲ್ಲಂದ್ರ ಡೈರಿ ಏನ್ ಮಾಡ್ತೈತವಾ?”

ಎರಡು ಸಲ ಫೋನು ಮಾಡಿದೆನೆಂದು ಕುಮುದಿನಿಯೇ ಅವರಿಗೆ ಹೇಳಿದ್ದಳು. ಒಂದು ಸಲವೂ ಮಾಡಿರಲಿಲ್ಲ. ಕಾಗದ ಬಂದದ್ದು ಹೋದ ವಾರ ಎಂದೂ ಹೇಳಿದ್ದಳು. ಅದು ಡಿಸೆಂಬರಿನಲ್ಲೇ ಬಂದಿತ್ತು.

ಆ ದಿನ ಅವಳಿಗೆ ಚೆನ್ನಾಗಿ ನೆನಪಿದೆ. ಡಿಸೆಂಬರಿನ ಕೊನೆಯಲ್ಲಿ ಕೋರ್ಟಿಗೆ ರಜೆ ಬಿದ್ದಾಗ ಹಳೆಯ ಡೈರಿಯಿಂದ ಹೊಸದಕ್ಕೆ ತಾರೀಖುಗಳನ್ನು ಇಳಿಸುವುದು ಅವಳ ವಾರ್ಷಿಕ ವ್ರತ. ಹೊಸದಕ್ಕೆ ಖಾಕಿ ಕಾಗದದ ಹೊದಿಕೆ ಹಾಕುತ್ತಾಳೆ. ತಿಂಗಳು ತಿಂಗಳಾಗಿ ಎಲ್ಲ ಇಳಿಸುತ್ತಾಳೆ. ಕಟ್ಟಕಡೆಯ ಪುಟದಲ್ಲಿ, ಇನ್ನೂ ದಾಖಲಾಗದೆ ಉಳಿದವುಗಳ ಪಟ್ಟಿ ಕೆಂಪು ಶಾಯಿಯಲ್ಲಿರುತ್ತದೆ. ಅವುಗಳಿಗೆ ಕೋರ್ಟಿನ ತಾರೀಖು ಇರುವುದಿಲ್ಲ, ಮುಗಿಯುವ ದಿನವಷ್ಟೇ ಇರುತ್ತದೆ. ಆ ಪಟ್ಟಿಯೂ ಇಳಿದ ಮೇಲೆ ಹಳೆಯ ಡೈರಿಗೆ ಕೆಂಪು ವಸ್ತ್ರ ಸುತ್ತಿ ಕಪಾಟಿನ ಮೇಲೆ ಹಿಂದಿನ ವರ್ಷಗಳ ಸಾಲಿಗೆ ಸೇರಿಸುತ್ತಾಳೆ. ಸುತ್ತಿದ್ದನ್ನು ಸುಮ್ಮಸುಮ್ಮನೆ ಬಿಚ್ಚುವುದಿಲ್ಲ.

ಕಡೆಯ ಪುಟಕ್ಕೆ ಬಂದ ಹೊತ್ತಿಗೇ ಚಂದ್ರವ್ವ ಬಂದಿದ್ದಳು. ಕಳೆದುಹೋಯಿತೆಂದುಕೊಂಡ ಶಿಕ್ಕಾದ ಕಾಗದ ಬಸವಣ್ಣನ ಫೋಟೋದ ಹಿಂದೆ ಸಿಕ್ಕಿತೆಂದು ಅದನ್ನು ಸೆರಗಿನಲ್ಲಿ ಮಡಿಸಿ ತಂದಿದ್ದಳು. ಜೊತೆಗೆ ಶೇಂಗಾ ಹೋಳಿಗೆಯ ಒಂದು ಡಬ್ಬಿ. ಆ ಕಾಗದಕ್ಕಾಗಿಯೇ ವಕೀಲರು ದೂರನ್ನು ತಡೆಹಿಡಿದಿದ್ದರು. ಮೂರು ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ಗ್ರಾಹಕರದಲ್ಲ; ಚಂದ್ರವ್ವ ಹಾಗೆ ತಿಳಿಸಿದ್ದಳೆಂಬುದಕ್ಕೆ ಅದೊಂದೇ ಸಾಕ್ಷಿ. ಕುಮುದಿನಿ ಹೋಳಿಗೆ ತಿನ್ನುತ್ತಲೇ ಕಾಗದ ತೆಗೆದುಕೊಂಡಳು. ಕೆಂಪು ಪಟ್ಟಿಯ ಪುಟದಲ್ಲಿಟ್ಟಳು. ಕೈ ತೊಳೆದುಕೊಂಡು ಬಂದವಳಿಗೆ ಎಲ್ಲ ಮುಗಿದಿದೆ ಎಂದೇ ಅನಿಸಿತು. ಹೊಸ ಡೈರಿಗೆ ಅರಿಸಿನ ಕುಂಕುಮ ಹಚ್ಚಿದಳು. ಹಳೆಯದಕ್ಕೆ ವಸ್ತ್ರ ಸುತ್ತಿದಳು. ಪಟ್ಟಿಯಲ್ಲಿ ಕೊನೆಗೆ ಉಳಿದಿದ್ದ ಚಂದ್ರವ್ವನ ಸಾಲು ಹೊಸದಕ್ಕೆ ಇಳಿಯದೆ ಒಳಗೇ ಉಳಿಯಿತು.

ಫೆಬ್ರವರಿ ಹದಿನೇಳಕ್ಕೆ ಬೇರೊಂದು ಕೇಸಿನ ಹಳೆಯ ತಾರೀಖು ಹುಡುಕಲು ಗಂಟು ಬಿಚ್ಚಿದಾಗ ಕಾಗದ ಕಾಲ ಬುಡದಲ್ಲಿ ಬಿತ್ತು. ಅಂಚಿನಲ್ಲಿ ಹೋಳಿಗೆಯ ಎಣ್ಣೆಯ ಕಲೆ, ಅವಳ ಹೆಬ್ಬೆರಳಿನಷ್ಟೇ ದೊಡ್ಡದು. ನಿಂತಲ್ಲೇ ಎಣಿಸಿದಳು. ಗಡುವು ದಾಟಿ ಇಪ್ಪತ್ತಾರು ದಿನ.

ವಕೀಲರು ಆಗ ಪಕ್ಕದ ಕೋಣೆಯಲ್ಲೇ ಇದ್ದರು. ಆರು ಹೆಜ್ಜೆ. ಬೈಯುತ್ತಾರೆಂಬ ಭಯ ಇರಲಿಲ್ಲ, ಅವರು ಬೈಯುವವರೇ ಅಲ್ಲ. ಬಂದವರಿಗೆಲ್ಲ ‘ನಮ್ಮ ಕುಮುದಿನಿ ಡೈರಿ’ ಎಂದು ಹೇಳಿಕೊಳ್ಳುತ್ತಿದ್ದ ಆ ಮಾತು ಇನ್ನು ಮೇಲೆ ಅವರ ಬಾಯಲ್ಲಿ ಬರುವುದಿಲ್ಲವಲ್ಲ ಎಂಬುದೊಂದೇ ಅವಳನ್ನು ಹಿಡಿದು ನಿಲ್ಲಿಸಿತು. ಹೇಗೂ ದಾಟಿಹೋಗಿದೆ, ಇಂದು ಹೇಳಿದರೇನು ನಾಳೆ ಹೇಳಿದರೇನು ಎಂದುಕೊಂಡು ಕಾಗದವನ್ನು ತನ್ನ ಡ್ರಾಯರಿನ ತಳದಲ್ಲಿಟ್ಟಳು. ನಾಳೆಗಳು ಒಂದರ ಹಿಂದೊಂದು ಬಂದು ಹೋದವು.

ಚಂದ್ರವ್ವ ಫೋನು ಮಾಡುತ್ತಿದ್ದಳು. “ಬಾಯಾರ, ನಮ್ಮದು ಎಲ್ಲಿಗೆ ಬಂತ್ರಿ?” ಕೋರ್ಟಿನ ಕೆಲಸ ತಡವಾಗುತ್ತದೆ ಎಂದು ಎರಡು ಸಲ ಹೇಳಿದಳು. ಮೂರನೆಯ ಸಲ ಬಾಯಿಂದ ಬೇರೆಯದೇ ಬಂತು. “ನೀವು ಕಾಗದಾ ತಡಾ ಮಾಡಿ ತಂದ್ರೆಲ್ಲರಿ, ಅದಕ ಹಿಂಗಾಗೇತಿ.” ಆಚೆ ಪಾತ್ರೆ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಚಂದ್ರವ್ವ, “ಹೌದ್ರೆವಾ, ನಂದ ತಪ್ಪ,” ಎಂದಳು.

ಮೊನ್ನೆ ವಕೀಲರೇ ಕೇಳಿದರು, ಆ ಖಾನಾಪುರದ ರೊಟ್ಟಿಯಾಕೆಯದು ಏನಾಯಿತು ಎಂದು. ಆಗ ಕುಮುದಿನಿ ಡ್ರಾಯರಿನಿಂದ ಕಾಗದ ತೆಗೆದುಕೊಟ್ಟಳು.

ಮಾರ್ಚ್ ಹತ್ತು. ಫೆಬ್ರವರಿ ಹದಿನೇಳರಂದು ಆ ಆರು ಹೆಜ್ಜೆ ನಡೆದಿದ್ದರೆ ಇನ್ನೂ ಇಪ್ಪತ್ತೊಂದು ದಿನ ಉಳಿದಿದ್ದವು.

*

ಖಾನಾಪುರದಲ್ಲಿ ರವಿವಾರದ ಸಂತೆಯ ಗದ್ದಲ. ಬಸ್ಸಿಳಿದು ಕುಮುದಿನಿ ಖಾನಾವಳಿ ಹುಡುಕಬೇಕಾಗಲಿಲ್ಲ. ರೊಟ್ಟಿ ಬಡಿಯುವ ಸದ್ದು ರಸ್ತೆಗೇ ಕೇಳಿಸುತ್ತಿತ್ತು. ಒಳಗೆ ಕುಳಿತು ಉಣ್ಣಲು ನಾಲ್ಕು ಬಾಕು, ಗೋಡೆಗೆ ಬಸವಣ್ಣನ ಫೋಟೋ. ಎರಡು ಒಲೆ. ಒಂದರ ಮುಂದೆ ಚಂದ್ರವ್ವ, ಇನ್ನೊಂದರ ಮುಂದೆ ಐಶ್ವರ್ಯಾ. ಹುಡುಗಿಯ ಬಲಗೈ ಮಣಿಕಟ್ಟಿನ ಮೇಲೆ ಹೆಂಚು ತಾಗಿದ ಕಂದು ಗೆರೆಗಳು, ಒಂದರ ಮೇಲೊಂದು, ಬಳೆಗಳಂತೆ.

“ಅಯ್ಯ, ಬಾಯಾರ ಬಂದ್ರ ನೋಡ. ಬರ್ರಿ, ಕುಂದರ್ರಿ. ಐಶೂ, ಬಿಸಿ ರೊಟ್ಟಿ ಹಾಕು, ಎಣ್ಣಿಗಾಯಿ ಪಲ್ಯಾ ನೀಡು.”

“ಊಟಾ ಬ್ಯಾಡ್ರಿ ಚಂದ್ರವ್ವಾರ. ಒಂದ ಮಾತ ಕೇಳಾಕ ಬಂದೀನಿ.”

“ಉಪಾಸ ಹೊಟ್ಟಿಲೆ ಮಾತು ಕೇಳಿದ್ರ ತಿಳೀತಾವೇನ್ರಿ? ಮೊದಲ ಉಣ್ರಿ.”

ತಾಟು ಬಂದೇಬಿಟ್ಟಿತು. ಕುಮುದಿನಿ ರೊಟ್ಟಿ ಮುರಿದಳು.

“ಕಾಗದಾ ತರಾಕ ಯಾಕ ತಡಾ ಆತು ಅಂತ ಬರೀಬೇಕಾಗೇತ್ರಿ. ಆಯೋಗದಾಗ ಕೇಳ್ತಾರ. ಈ ಮೂರ ತಿಂಗಳದಾಗ ಜಡ್ಡ ಗಿಡ್ಡ ಏನರ...”

ಮೂಲೆಯ ಬಾಕಿನಲ್ಲಿ ಉಣ್ಣುತ್ತಿದ್ದ ಲಾರಿಯ ಲಕ್ಷ್ಮಪ್ಪ ನಕ್ಕ. “ಚಂದ್ರವ್ವಗ ಜಡ್ಡೇನ್ರಿ? ಆಕಿ ಮಲಗಿದ್ರ ನಾವೆಲ್ಲಾ ಉಪಾಸ ಸಾಯ್ತೀವಿ. ಹದಿನಾರ ವರ್ಷಾತು, ಒಂದ ದಿನಾನೂ ಈ ಬಾಗಲಾ ಮುಚ್ಚಿದ್ದು ನಾ ಕಂಡಿಲ್ಲ.”

“ನೀ ಉಣ್ಣೂದು ಉಣ್ಣು,” ಎಂದು ಚಂದ್ರವ್ವ ಅವನನ್ನು ಗದರಿದಳು. ಆದರೆ ಮುಖದಲ್ಲಿ ಹೆಮ್ಮೆಯಿತ್ತು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಕುಮುದಿನಿಯ ಎದುರು ಕುಳಿತಳು. “ಜಡ್ಡ ಅಂತ ಬರದ್ರ ಕೇಸು ನಿಲ್ತೈತೇನ್ರಿ?”

“ಡಾಕ್ಟರ್ ಸರ್ಟಿಫಿಕೇಟ್ ಇದ್ರ ನಿಲ್ಲಬಹುದ್ರಿ.”

“ಅಜ್ಜಿ, ಬ್ಯಾಡ,” ಎಂದಳು ಐಶ್ವರ್ಯಾ ಒಲೆಯ ಕಡೆಯಿಂದ, ತಿರುಗದೆಯೇ. “ಬ್ಯಾಂಕಿನವರು ಊರಾಗ ಕೇಳಿದ್ರ ಲಕ್ಷ್ಮಪ್ಪ ಮಾಮಾನ ಹೇಳ್ತಾನ.”

“ಖರೇ ಅದ. ಸುಳ್ಳು ಬ್ಯಾಡ್ರಿ ಬಾಯಾರ. ನನಗ ತಿಳೀಲಿಲ್ಲ ಅಂತ ಬರೀರಿ. ಓದು ಬಾರದಾಕಿ, ಕಾಗದಾ ದೇವರ ಹಿಂದ ಇಟ್ಟು ಮರತೆ ಅಂತ ಬರೀರಿ. ಇದ್ದದ್ದ ಅಷ್ಟ ಅಲ್ಲೇನ್ರಿ?” ಚಂದ್ರವ್ವ ನೀರಿನ ಲೋಟವನ್ನು ಕುಮುದಿನಿಯತ್ತ ಸರಿಸಿದಳು. “ಖರೇ ಹೇಳ್ಬೇಕಂದ್ರ ನನಗ ಒಂದ ತಿಳಿಯಂಗಿಲ್ಲ. ಎಳ್ಳ ಅಮಾಸಿ ಎರಡ ದಿನಾ ಇರಬೇಕಾದ್ರ ತಂದ ಕೊಟ್ಟೆ. ಅವತ್ತ ನೀವು ಹೋಳಿಗಿ ಭಾಳ ಚಲೋ ಆಗ್ಯಾವು ಅಂದ್ರಿ. ಮುದ್ದತ್ತು ಜನವರಿತನಾ ಐತಿ ಅಂತ ಸಾಹೇಬ್ರು ಮೊದಲ ಹೇಳಿದ್ರು. ಅಮಾಸಿ ಆದಮ್ಯಾಲಲ್ಲೇನ್ರಿ ಜನವರಿ?”

ಕುಮುದಿನಿ ರೊಟ್ಟಿಯ ತುಂಡನ್ನು ಮತ್ತೆ ತಾಟಿಗೇ ಇಟ್ಟಳು.

“ನಾ ಐಶೂಗ ಕೇಳಿದೆ. ಆಕೀನೂ ಹಂಗ ಅಂದ್ಲು. ಆಮ್ಯಾಲೆ ಅನ್ಕೊಂಡೆ, ಬಾಯಾರಿಗೆ ತಿಳೀಲಾರದ್ದು ನಮಗೇನ ತಿಳೀತೈತಿ? ಕೋರ್ಟಿನ ಜನವರಿ ಬ್ಯಾರೆ ಇರಬೇಕು.” ಚಂದ್ರವ್ವ ಅದನ್ನು ಚುಚ್ಚಲು ಹೇಳಿರಲಿಲ್ಲ. ನಿಜಕ್ಕೂ ಹಾಗೇ ನಂಬಿದ್ದಳು.

ಐಶ್ವರ್ಯಾ ಈಗ ತಿರುಗಿದಳು. ರೊಟ್ಟಿಯನ್ನು ಬುಟ್ಟಿಗೆ ಹಾಕಿ ಕುಮುದಿನಿಯ ಮುಖವನ್ನೇ ನೋಡಿದಳು. ಹತ್ತೊಂಬತ್ತರ ಹುಡುಗಿ. ಈಗ ಕಾಲೇಜಿನ ಎರಡನೆಯ ವರ್ಷದಲ್ಲಿ ಇರಬೇಕಾಗಿದ್ದವಳು. ಅವಳಿಗೆ ಗೊತ್ತಿದೆ ಎಂದು ಕುಮುದಿನಿಗೆ ಅನಿಸಿತು. ಗೊತ್ತಿದ್ದರೂ ಕೇಳುವುದಿಲ್ಲ. ಕೇಳಿದರೆ ಇರುವ ಒಂದು ಆಸೆಯೂ ಹೋದೀತೆಂದು ಸುಮ್ಮನಿದ್ದಾಳೆ.

“ಕಾಗದಾ ಕೊಡ್ರಿ, ಸಹಿ ಹಾಕ್ತೀನಿ,” ಎಂದಳು ಚಂದ್ರವ್ವ. “ಸಹಿ ಅಷ್ಟ ಬರತೈತಿ ನನಗ. ಕಾರಣ ಆಮ್ಯಾಲೆ ನೀವ ಬರ್ಕೋರಿ. ನಿಮ್ಮ ಮ್ಯಾಲ ನನಗ ಭರೋಸಾ ಐತಿ.”

ಹದಿನೆಂಟನೆಯ ಪುಟ ಕುಮುದಿನಿಯ ಚೀಲದಲ್ಲಿತ್ತು. ಪೆನ್ನೂ ಇತ್ತು. ಎರಡು ನಿಮಿಷದ ಕೆಲಸ. ಓದು ಬಾರದೆ ಮರೆತೆ ಎಂದು ತುಂಬಿದರೆ ವಕೀಲರು ನಂಬುತ್ತಾರೆ. ಆಯೋಗ ನಂಬದಿರಬಹುದು. ಆದರೂ ಡೈರಿಗೆ ಕಲೆ ತಾಗುವುದಿಲ್ಲ. ಕುಮುದಿನಿ ಚೀಲದ ಜಿಪ್ಪನ್ನು ಅರ್ಧ ಎಳೆದಳು.

“ಸಹಿ ಈಗ ಬ್ಯಾಡ್ರಿ,” ಎಂದಳು. “ಮಂಗಳವಾರ ಬೆಳಗಾವಿಗೆ ಬರ್ರಿ. ಅಲ್ಲೇ ಓದಿಸಿಕೊಂಡು ಹಾಕೀರಂತ. ಐಶ್ವರ್ಯಾನ್ನ ಕರ್ಕೊಂಡ ಬರ್ರಿ. ಆಕಿ ಓದಿ ಹೇಳಲಿ.”

“ಇಬ್ಬರೂ ಬಂದ್ರ ಒಲಿ ಯಾರ ನೋಡ್ತಾರ್ರಿ?”

“ಒಂದ ದಿನಾ ಮುಚ್ಚರಿ.”

“ನೋಡ್ರಿ, ಇವರು ನನ್ನ ಬಾಗಲಾ ಮುಚ್ಚಸಾಕ ಬಂದಾರ,” ಎಂದು ಚಂದ್ರವ್ವ ಲಕ್ಷ್ಮಪ್ಪನ ಕಡೆ ನೋಡಿ ನಕ್ಕಳು. ಊಟದ ಹಣ ತೆಗೆದುಕೊಳ್ಳಲಿಲ್ಲ. ಹೊರಡುವಾಗ ಹತ್ತು ಬಿಸಿ ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಳು. “ತಡಾ ಮಾಡಿ ನಿಮಗೆಲ್ಲಾ ತ್ರಾಸ ಕೊಟ್ಟೆ. ಮನಸಿನ್ಯಾಗ ಇಟ್ಕೋಬ್ಯಾಡ್ರೆವಾ.”

*

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ರೊಟ್ಟಿಯ ಕಟ್ಟು ತೊಡೆಯ ಮೇಲಿತ್ತು, ಇನ್ನೂ ಬೆಚ್ಚಗೆ.

ಅರ್ಧ ನಿಜ ಬರೆಯಬಹುದೆಂದು ಅವಳು ಲೆಕ್ಕ ಹಾಕಿದಳು. ಡೈರಿ ಬದಲಿಸುವಾಗ ಗುಮಾಸ್ತೆಯ ಕಣ್ತಪ್ಪಿನಿಂದ ಕಾಗದ ಹಳೆಯ ಡೈರಿಯಲ್ಲಿ ಉಳಿಯಿತು. ಅಂಥ ತಪ್ಪನ್ನು ಕೋರ್ಟುಗಳು ಕ್ಷಮಿಸಿದ್ದನ್ನು ಅವಳೇ ಎಷ್ಟೋ ತೀರ್ಪುಗಳಲ್ಲಿ ಓದಿದ್ದಾಳೆ. ವಕೀಲರೂ ಕ್ಷಮಿಸುತ್ತಾರೆ, ಹತ್ತೊಂಬತ್ತು ವರ್ಷಕ್ಕೊಂದು ತಪ್ಪು. ಆದರೆ ಕಣ್ತಪ್ಪು ತುಂಬುವುದು ಇಪ್ಪತ್ತಾರು ದಿನಗಳನ್ನು ಮಾತ್ರ. ಉಳಿದ ಅರವತ್ತನಾಲ್ಕು ದಿನ ಕಾಗದ ಡ್ರಾಯರಿನಲ್ಲಿತ್ತು. ಬ್ಯಾಂಕಿನ ವಕೀಲರು ಮೊದಲು ಕೈ ಇಡುವುದೇ ಅಲ್ಲಿ. ಆ ಅರವತ್ತನಾಲ್ಕು ದಿನಗಳಿಗೆ ಚಂದ್ರವ್ವನ ಹತ್ತಿರ ಯಾವ ಕಾರಣವೂ ಇಲ್ಲ. ಹುಡುಕಿದರೂ ಸಿಗುವುದಿಲ್ಲ. ಅವು ಅವಳ ದಿನಗಳೇ ಅಲ್ಲ.

ಬಸ್ಸು ಮಚ್ಛೆ ದಾಟಿತು. ಉದ್ಯಮಬಾಗದ ಕಾರ್ಖಾನೆಯಲ್ಲಿ ಗಂಡ ಮಾರ್ತಾಂಡನಿಗೆ ಬರುವ ಪಗಾರ ಮನೆಯ ಕಂತಿಗೇ ಸರಿಹೋಗುತ್ತದೆ. ನಲವತ್ತೆಂಟರ ವಯಸ್ಸಿನಲ್ಲಿ ಬೇರೆ ಯಾವ ವಕೀಲರು ತನ್ನ ಕೈಗೆ ಡೈರಿ ಕೊಟ್ಟಾರು ಎಂದು ಯೋಚಿಸಿದಳು. ತಪ್ಪು ತನ್ನದೆಂಬ ಪ್ರಮಾಣಪತ್ರವೊಂದು ಆಯೋಗದ ಫೈಲಿಗೆ ಸೇರಿದರೆ ಅದನ್ನು ಕೋರ್ಟಿನ ಎಲ್ಲ ಗುಮಾಸ್ತರೂ ಒಂದು ವಾರದಲ್ಲಿ ಓದಿರುತ್ತಾರೆ. ಶರ್ವರಿ ನಗುವುದಿಲ್ಲ. ಅದೇ ಹೆಚ್ಚು ಕಷ್ಟ.

ಪೀರನವಾಡಿಯಲ್ಲಿ ಇಳಿದು ಮನೆಗೆ ಬಂದಾಗ ಮಾರ್ತಾಂಡ ಅಂಗಳದಲ್ಲಿ ಬೈಕಿನ ಚೈನು ಒರೆಸುತ್ತಿದ್ದ.

“ಹೋದ ಕೆಲಸಾ ಆತೇನು?”

“ಸ್ವಲ್ಪ ಉಳದೈತ್ರಿ.”

“ಏನದು ಕೈಯಾಗ?”

“ರೊಟ್ಟಿ. ಚಂದ್ರವ್ವ ಕೊಟ್ಲು.”

“ಕೇಸು ಗೆದ್ದ ಮ್ಯಾಲ ಕೊಡೂದು ರೂಢಿ. ಈಕಿ ಮೊದಲ ಕೊಟ್ಲೇನು?” ಅವನು ನಗುತ್ತ ಮತ್ತೆ ಚೈನಿಗೆ ಬಗ್ಗಿದ.

ಕುಮುದಿನಿ ಒಳಗೆ ಹೋಗಿ ರೊಟ್ಟಿಯನ್ನು ಡಬ್ಬಿಯಲ್ಲಿಟ್ಟಳು. ಕೈಕಾಲು ತೊಳೆದಳು. ಊಟದ ಮೇಜಿನ ಮೇಲೆ ಹದಿನೆಂಟನೆಯ ಪುಟವನ್ನು ಹರಡಿದಳು. ಖಾಲಿ ಸಾಲನ್ನು ತುಂಬಲಿಲ್ಲ. ಬೇರೊಂದು ಬಿಳಿ ಹಾಳೆ ತೆಗೆದುಕೊಂಡು ತನ್ನ ಹೆಸರು, ಗಂಡನ ಹೆಸರು, ವಯಸ್ಸು, ಉದ್ಯೋಗ ಬರೆದಳು. ಸಾವಿರಾರು ಜನರ ಪರವಾಗಿ ಬರೆದ ಸಾಲುಗಳವು. ತನ್ನ ಹೆಸರಿನ ಮುಂದೆ ಅವು ಒರಟಾಗಿ ಕಂಡವು. ಅದರ ಕೆಳಗೆ ಮೂರು ತಾರೀಖು: ಡಿಸೆಂಬರ್ ಇಪ್ಪತ್ತೆಂಟು, ಕಾಗದ ನನ್ನ ಕೈಗೆ ಬಂದ ದಿನ. ಫೆಬ್ರವರಿ ಹದಿನೇಳು, ಅದು ಹಳೆಯ ಡೈರಿಯಲ್ಲಿ ನನಗೆ ಸಿಕ್ಕ ದಿನ. ಮೂರನೆಯದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಮಾರ್ಚ್ ಹತ್ತು, ನಾನು ಹೇಳಿದ್ದರೆ ಇನ್ನೂ ಸಮಯವಿದ್ದ ಕೊನೆಯ ದಿನ.

ಹಾಳೆಯನ್ನು ಮಡಿಸಿ ಹದಿನೆಂಟನೆಯ ಪುಟದ ಜೊತೆ ಚೀಲದಲ್ಲಿಟ್ಟಳು. ಸೋಮವಾರ ವಕೀಲರು ಪೂಜೆ ಮುಗಿಸಿ ಹೊರಗೆ ಬರುವುದು ಒಂಬತ್ತಕ್ಕೆ. ಶರ್ವರಿ ಬರುವುದು ಹತ್ತಕ್ಕೆ. ಎಂಟರ ಬಸ್ಸು ಹಿಡಿಯಬೇಕು.

“ಏನ್ ಬರ್ಯಾಕತ್ತೀ?” ಮಾರ್ತಾಂಡ ಹೊರಗಿನಿಂದ ಕೇಳಿದ.

“ಆಫೀಸಿಂದು.”

ಕಪಾಟಿನ ಬಾಗಿಲು ತೆರೆದು, ಪಾಸ್‌ಬುಕ್ಕುಗಳ ಕೆಳಗಿದ್ದ ಪ್ಲಾಸ್ಟಿಕ್ ಚೀಲವನ್ನು ಎಳೆದಳು. ನೋಟರಿಯ ಮುಂದೆ ನಿಲ್ಲಿಸುವ ಮುನ್ನ ಪ್ರತಿಯೊಬ್ಬ ಕಕ್ಷಿದಾರರಿಗೂ ಅವಳು ಕೇಳುವ ಪ್ರಶ್ನೆ ಒಂದೇ, ಆಧಾರ್ ತಂದೀರೇನು ಎಂದು. ಹತ್ತೊಂಬತ್ತು ವರ್ಷಗಳಲ್ಲಿ ತಾನು ಒಮ್ಮೆಯೂ ಆ ಮೇಜಿನ ಮುಂದೆ ನಿಂತಿರಲಿಲ್ಲ. ತನ್ನ ಆಧಾರ್ ಕಾರ್ಡನ್ನು ಹುಡುಕಿ ತೆಗೆದು, ಸೆರಗಿನಿಂದ ಒರೆಸಿ, ಪರ್ಸಿನೊಳಗೆ ಬಸ್ಸಿನ ಚಿಲ್ಲರೆಯ ಪಕ್ಕ ಇಟ್ಟುಕೊಂಡಳು.

ಆಮೇಲೆ ಸಂಜೆಯ ಚಹಾಕ್ಕೆ ನೀರಿಟ್ಟಳು.